ವೈನಿನಲ್ಲಿ ಹಲಸಿನ ಹಣ್ಣಿನ ಪರಿಮಳ ಬಂತು ಎಂದರೆ ತಪ್ಪೇ?

ಕದ್ರಿ ಹವ್ಯಾಸಿ
ಎಲ್ಲರಿಗೂ ನಮಸ್ಕಾರ. ನಾನು ವೈನ್ ವ್ಯಾಪಾರದವನಲ್ಲ, ಹೋಟೆಲಿನವನೂ ಅಲ್ಲ, ಬ್ಯಾಂಕಿನ ನೌಕರ. ವಾರಕ್ಕೊಂದು ಸಂಜೆ ಒಂದು ಬಾಟಲಿ ತೆರೆದು, ಹೆಂಡತಿಯೊಂದಿಗೆ ಅರ್ಧರ್ಧ ಗ್ಲಾಸು ಹಂಚಿಕೊಂಡು, ಮೂಗಿಗೂ ನಾಲಿಗೆಗೂ ಅನಿಸಿದ್ದನ್ನು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಡುವ ಅಭ್ಯಾಸ ನಾಲ್ಕು ವರ್ಷಗಳಿಂದ ನನಗಿದೆ. ಈಗ ಎರಡನೆಯ ಪುಸ್ತಕ ನಡೆಯುತ್ತಿದೆ.

ಈ ಮೇ ತಿಂಗಳ ಮೊದಲ ವಾರ ಮಂಗಳೂರಿನ ಹೋಟೆಲೊಂದರಲ್ಲಿ ನಡೆದ ವೈನ್ ರುಚಿ ನೋಡುವ ಕೂಟಕ್ಕೆ ಹೋಗಿದ್ದೆ. ಐದು ಬಗೆಯ ವೈನ್, ಪ್ರತಿಯೊಂದಕ್ಕೂ ಎರಡೆರಡು ಗುಟುಕು. ನಡೆಸಿಕೊಟ್ಟವರು ಗ್ಲಾಸು ನಮ್ಮ ಮೂಗಿನ ಹತ್ತಿರ ಬರುವ ಮೊದಲೇ ಇದರಲ್ಲಿ ಗೂಸ್‌ಬೆರಿ ಸಿಗುತ್ತದೆ, ಅದರಲ್ಲಿ ಬ್ಲ್ಯಾಕ್‌ಕರಂಟ್ ಸಿಗುತ್ತದೆ ಎಂದು ಹೇಳುತ್ತ ಹೋದರು. ನಾಶಿಕದ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ಬಂದಾಗ, ಕೇಳಿದರೆಂಬ ಕಾರಣಕ್ಕೆ, ನನಗೆ ಹಲಸಿನ ತೊಳೆಯ ಪರಿಮಳ ಬರುತ್ತಿದೆ ಎಂದೆ. ಅವರು ಕೈಯಲ್ಲಿದ್ದ ಬಣ್ಣಬಣ್ಣದ ಪರಿಮಳ ಚಕ್ರವನ್ನು ಎತ್ತಿ ತೋರಿಸಿ, "ಅದು ಇದರಲ್ಲಿ ಇಲ್ಲವಲ್ಲ ಸರ್" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಮನೆಗೆ ಬಂದ ಮೇಲೂ ಆ ಮಾತು ಬಿಡಲಿಲ್ಲ.

ನಾನು ಈ ಜನ್ಮದಲ್ಲಿ ಗೂಸ್‌ಬೆರಿ ತಿಂದವನಲ್ಲ. ಬ್ಲ್ಯಾಕ್‌ಕರಂಟ್ ಎಂಬುದನ್ನು ಐಸ್‌ಕ್ರೀಮಿನಲ್ಲಿ ಮಾತ್ರ ಕಂಡಿದ್ದೇನೆ. ತಿನ್ನದ ಹಣ್ಣಿನ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು ಪ್ರಾಮಾಣಿಕವೇ? ನಿಮ್ಮಲ್ಲಿ ವೈನ್ ಕುಡಿಯುವವರು ಯಾವ ಮಾತುಗಳಲ್ಲಿ ಬರೆದಿಡುತ್ತೀರಿ?

ಕಾರ್ಕಳದ ಅಳಿಯ
ಗಟ್ಟಿ ತೊಳೆಯ ಬಕ್ಕೆ ಹಲಸೋ, ಮೆತ್ತನೆ ತೊಳೆಯ ತುಳುವನೋ? ಎರಡರ ಪರಿಮಳ ಒಂದೇ ಅಲ್ಲ.

ಅರ್ಧ ಗ್ಲಾಸು
ನಿಮಗೆ ಹಲಸು ಅನಿಸಿದರೆ ಹಲಸು ಎಂದೇ ಬರೆಯಿರಿ. ಅದು ನಿಮ್ಮ ದುಡ್ಡು ಕೊಟ್ಟು ತಂದ ಪುಸ್ತಕ.

ಬಿಜೈ ಬಾಟಲಿ
ನಾನು ಒಪ್ಪುವುದಿಲ್ಲ. ಸ್ವಂತಕ್ಕೆ ಬರೆದುಕೊಳ್ಳುವುದಾದರೆ ಅಜ್ಜಿ ಮನೆಯ ಅಟ್ಟದ ವಾಸನೆ ಎಂದೂ ಬರೆಯಬಹುದು, ಆದರೆ ನಾಲ್ಕು ಜನರ ನಡುವೆ ಕುಳಿತಾಗ ನಾಲ್ವರಿಗೂ ಅರ್ಥವಾಗುವ ಮಾತು ಬೇಕಾಗುತ್ತದೆ. ಆ ಪರಿಮಳ ಚಕ್ರ ಹುಟ್ಟಿದ್ದೇ ಈ ಕಾರಣಕ್ಕೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿದ್ದ ಆನ್ ನೋಬಲ್ ಅವರು 1984ರಲ್ಲಿ ಅದನ್ನು ಮುಂದಿಟ್ಟಾಗ, ವೈನ್ ಬಗ್ಗೆ ಬರೆಯುವವರು 'ಗಂಭೀರ', 'ಲಾಲಿತ್ಯಪೂರ್ಣ' ಎಂಬಂಥ, ಯಾವ ಮೂಗಿಗೂ ಸಿಗದ ವಿಶೇಷಣಗಳಲ್ಲಿ ತೇಲುತ್ತಿದ್ದರು. ಚಕ್ರದ ನಡುವಿನಲ್ಲಿ 'ಹಣ್ಣು' ಎಂಬ ದೊಡ್ಡ ಗುಂಪು, ಅದರ ಹೊರಗೆ ಉಷ್ಣವಲಯದ ಹಣ್ಣು, ಇನ್ನೂ ಹೊರಗೆ ಅನಾನಸು, ಬಾಳೆ ಎಂದು ಅದು ಹಂತಹಂತವಾಗಿ ಹರಡಿಕೊಳ್ಳುತ್ತದೆ. ಪ್ರತಿಯೊಬ್ಬನೂ ತನ್ನ ಊರಿನ ಹಣ್ಣು ತಂದು ಸೇರಿಸಿದರೆ ಮತ್ತೆ ಗೊಂದಲವೇ ಆಗುತ್ತದೆ.

ಸುರತ್ಕಲ್ ರಸಾಯನ
ಬಿಜೈಯವರು ಅರ್ಧ ಹೇಳಿ ನಿಲ್ಲಿಸಿದ್ದಾರೆ. ನೋಬಲ್ ಅವರ ವಿಧಾನದಲ್ಲಿ ಚಕ್ರಕ್ಕಿಂತ ಮುಖ್ಯವಾದದ್ದು ಮಾದರಿ ಗ್ಲಾಸುಗಳು. ಹೆಚ್ಚು ಪರಿಮಳವಿಲ್ಲದ ಸಾದಾ ವೈನಿಗೆ ಒಂದೊಂದು ಪದಾರ್ಥವನ್ನು ಸ್ವಲ್ಪ ಸೇರಿಸಿ, ಈ ಮಾತಿಗೆ ಈ ವಾಸನೆ ಎಂದು ಕುಳಿತವರೆಲ್ಲ ಮೊದಲು ಮೂಗಿನಿಂದಲೇ ಒಪ್ಪಿಕೊಳ್ಳಬೇಕು, ಮಾತು ಆಮೇಲೆ. ಆ ಮಾದರಿಗಳಿಗೆ ಅಲ್ಲಿ ಅಂಗಡಿಯಲ್ಲಿ ಸಿಗುತ್ತಿದ್ದ ಡಬ್ಬಿ ಆಸ್ಪರಾಗಸ್‌ನ ನೀರನ್ನೂ ಬಳಸುತ್ತಿದ್ದರು. ಅವರು ಅವರ ಅಂಗಡಿಗೆ ಹೋದರು, ನಾವು ನಮ್ಮ ಸಂತೆಗೆ ಹೋಗೋಣ. ಕೂಟ ನಡೆಸಿದವರು ಚಕ್ರವನ್ನು ಪಂಚಾಂಗದಂತೆ ಹಿಡಿದುಕೊಂಡರು, ಅಷ್ಟೇ.

ಇನ್ನು ಹಲಸಿನ ವಿಷಯ. ಬಿಳಿ ದ್ರಾಕ್ಷಿಯ ರಸವನ್ನು ತಣ್ಣಗಿಟ್ಟು ಹುದುಗಿಸಿದಾಗ ಯೀಸ್ಟ್ ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರನ್ನು, ಅಂದರೆ ಹಣ್ಣಿನ ಪರಿಮಳ ಕೊಡುವ ಸಂಯುಕ್ತವನ್ನು, ಉತ್ಪಾದಿಸುತ್ತದೆ. ಬಾಳೆಹಣ್ಣಿನ ಪರಿಮಳಕ್ಕೆ ಮುಖ್ಯ ಕಾರಣ ಅದೇ. ಹಲಸಿನ ಹಣ್ಣಿನ ಪರಿಮಳವೂ ಬಹುಮಟ್ಟಿಗೆ ಇದೇ ಕುಟುಂಬದ ಎಸ್ಟರುಗಳಿಂದ ಬಂದದ್ದು. ಆದ್ದರಿಂದ ಎಳೆಯ ಶೆನಿನ್ ಬ್ಲಾಂಕ್‌ನಲ್ಲಿ ಕರಾವಳಿಯವನಿಗೆ ಹಲಸು ನೆನಪಾದರೆ ಅದರಲ್ಲಿ ನಗುವಂಥದ್ದೇನೂ ಇಲ್ಲ. ಶಿರಾಜ್ ಎಂಬ ಕೆಂಪು ವೈನಿನಲ್ಲಿ ಬರುವ ಕಾಳುಮೆಣಸಿನ ವಾಸನೆಯಂತೂ ಹೋಲಿಕೆಯೇ ಅಲ್ಲ. ಮೆಣಸಿನಲ್ಲಿರುವ ರೊಟಂಡೋನ್ ಎಂಬ ಸಂಯುಕ್ತವೇ ಆ ದ್ರಾಕ್ಷಿಯ ಸಿಪ್ಪೆಯಲ್ಲೂ ಇರುತ್ತದೆ ಎಂಬುದನ್ನು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದರು. ತಮಾಷೆಯೆಂದರೆ ಐವರಲ್ಲಿ ಸುಮಾರು ಒಬ್ಬರಿಗೆ ಆ ವಾಸನೆ ಗೊತ್ತೇ ಆಗುವುದಿಲ್ಲ.

ಮಣಿಪಾಲದ ಸಂಶಯಿ
ರಸಾಯನಶಾಸ್ತ್ರ ಸರಿ, ಮನಃಶಾಸ್ತ್ರವನ್ನೂ ಸ್ವಲ್ಪ ನೋಡೋಣ. ಫ್ರಾನ್ಸಿನ ಬೋರ್ಡೊದಲ್ಲಿ ವೈನ್ ಶಾಸ್ತ್ರ ಕಲಿಯುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನನ್ನು ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ ಕೊಟ್ಟ ಪ್ರಯೋಗ 2001ರಲ್ಲಿ ಪ್ರಕಟವಾಯಿತು. ಅದೇ ಬಿಳಿ ವೈನಿಗೆ ಅವರು ಕೆಂಪು ವೈನಿಗೆ ಬಳಸುವ ಮಾತುಗಳನ್ನೇ ಬರೆದರು. ಓದಿದವರಿಗೇ ಕೆಂಪು ಯಾವುದು, ಬಿಳಿ ಯಾವುದು ಎಂದು ಗೊತ್ತಾಗದಿದ್ದರೆ ಕದ್ರಿಯ ಹಲಸನ್ನು ಹೇಗೆ ನಂಬುವುದು? ಮೇ ತಿಂಗಳಲ್ಲಿ ಊರಿಗೆ ಊರೇ ಹಲಸು ಪರಿಮಳಿಸುತ್ತಿರುತ್ತದೆ.

ಬಿಜೈ ಬಾಟಲಿ
ಸಂಶಯಿಯವರೇ, ಆ ಪ್ರಯೋಗವನ್ನು ಎಲ್ಲರೂ ಉಬ್ಬಿಸಿಯೇ ಹೇಳುತ್ತಾರೆ. ಅಲ್ಲಿ ಇದು ಕೆಂಪೋ ಬಿಳಿಯೋ ಎಂದು ಯಾರನ್ನೂ ಕೇಳಲಿಲ್ಲ. ಪರಿಮಳಕ್ಕೆ ಮಾತು ಹುಡುಕುವಾಗ ಕಣ್ಣು ಮೂಗನ್ನು ಎಳೆದುಕೊಂಡು ಹೋಗುತ್ತದೆ ಎಂಬುದು ಅದರಿಂದ ತಿಳಿದದ್ದು. ವೈನಿನಲ್ಲಿ ವ್ಯತ್ಯಾಸವೇ ಇಲ್ಲ ಎಂಬುದಲ್ಲ. ಅಲ್ಲದೆ ಕಣ್ಣಿಗೆ ಲೇಬಲ್ ಕಾಣದಂತೆ ಮಾಡಿದಾಗ ಒಳ್ಳೆಯದೂ ಆಗುತ್ತದೆ. 1976ರಲ್ಲಿ ಪ್ಯಾರಿಸಿನಲ್ಲಿ ಸ್ಟೀವನ್ ಸ್ಪರಿಯರ್ ಏರ್ಪಡಿಸಿದ ಕೂಟದಲ್ಲಿ ಫ್ರೆಂಚ್ ತೀರ್ಪುಗಾರರು ಹೆಸರು ತಿಳಿಯದೆ ಕುಡಿದು, ಕೆಂಪು ಬಿಳಿ ಎರಡರಲ್ಲೂ ಮೊದಲ ಸ್ಥಾನವನ್ನು ಕ್ಯಾಲಿಫೋರ್ನಿಯಾಕ್ಕೆ ಕೊಟ್ಟರು. ಬಾಟಲಿಯ ಹೆಸರು ಕಂಡಿದ್ದರೆ ಅವರ ಮೂಗು ಹಾಗೆ ಹೇಳುತ್ತಿರಲಿಲ್ಲ.

ಮಣಿಪಾಲದ ಸಂಶಯಿ
ಒಪ್ಪಿದೆ, ನಾನು ಹೇಳಿದ್ದು ಸ್ವಲ್ಪ ಹೆಚ್ಚಾಯಿತು. ಕದ್ರಿಯವರಿಗೆ ಒಂದೇ ಪ್ರಶ್ನೆ: ಆ ಕೂಟದ ದಿನ ನೀವು ಹಲಸು ತಿಂದಿದ್ದಿರಾ?

ಕದ್ರಿ ಹವ್ಯಾಸಿ
ಈ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು. ತಿಂದಿರಲಿಲ್ಲ, ಆದರೆ ಆ ದಿನ ಬೆಳಿಗ್ಗೆ ಮಾವನ ಮನೆಯಿಂದ ಬಂದ ಹಣ್ಣನ್ನು ಕೊರೆದು ತೊಳೆ ಬಿಡಿಸಿದ್ದು ನಾನೇ. ತೆಂಗಿನೆಣ್ಣೆ ಹಚ್ಚಿ ಮೇಣ ತೆಗೆದು, ಸಾಬೂನು ಹಾಕಿ ಎರಡು ಸಲ ಕೈ ತೊಳೆದಿದ್ದೆ.

ಮಣಿಪಾಲದ ಸಂಶಯಿ
ಗ್ಲಾಸು ಹಿಡಿದ ಕೈ ಯಾವುದು ಎಂದು ನಾನು ಕೇಳುವುದಿಲ್ಲ.

ತೋಟದ ಮನೆ
ಎಲ್ಲರೂ ಪರಿಮಳದ ಹಿಂದೆ ಬಿದ್ದಿದ್ದೀರಿ, ನಾಲಿಗೆಯ ಮಾತಿಗೆ ಬನ್ನಿ. ನಾನು ಪುತ್ತೂರು ಕಡೆಯ ಅಡಿಕೆ ಬೆಳೆಗಾರ, ಈಗ ಮಕ್ಕಳ ಓದಿಗಾಗಿ ಮಂಗಳೂರಿನಲ್ಲಿ ಇದ್ದೇನೆ. ಮೊದಲ ಸಲ ಕೆಂಪು ವೈನ್ ಕುಡಿದಾಗ ಜೊತೆಯಲ್ಲಿದ್ದವರು ಕಹಿ, ಕಹಿ ಎಂದು ಮುಖ ಸಿಂಡರಿಸಿದರು. ಅದು ಕಹಿಯಲ್ಲ, ಒಗರು. ಗೇರುಹಣ್ಣನ್ನು ಉಪ್ಪು ಹಚ್ಚದೆ ಕಚ್ಚಿದರೆ ಒಸಡು ಬಿಗಿದು, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಂತಾಗಿ, ಬಾಯೊಳಗಿನ ಜಾರುವಿಕೆಯೇ ಮಾಯವಾಗುತ್ತದಲ್ಲ, ಅದು. ಎಳೆ ಅಡಿಕೆಯನ್ನು ಕಚ್ಚಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಲೆನಾಡಿನವರು ಕೆಂಪಡಿಕೆ ಬೇಯಿಸುವಾಗ ಉಳಿಯುವ ಚೊಗರನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಯಾವ ಕ್ಯಾಬರ್ನೆ ಸೊವಿನ್ಯಾನ್ ಕೂಡ ಅದರ ಮುಂದೆ ಮಜ್ಜಿಗೆ.

ನನ್ನ ವಾದ ಇಷ್ಟು. ಈ ಒಗರನ್ನು ಕೊಡುವ ಟ್ಯಾನಿನ್ ಎಂಬ ಮಾತನ್ನು ಹೊರಗಿನವರು ಪಾಠ ಮಾಡಿ ಕಲಿಸಬೇಕಾಗುತ್ತದೆ. ನಮ್ಮ ಭಾಷೆಯಲ್ಲಿ ಹುಳಿ, ಕಹಿಗಳ ಪಕ್ಕದಲ್ಲಿ ಒಗರು ಎಂಬುದು ಮಕ್ಕಳಿಗೂ ಗೊತ್ತಿರುವ ರುಚಿ. ಇದ್ದ ಮಾತನ್ನು ಬಿಟ್ಟು 'ಟ್ಯಾನಿನ್ ಚೆನ್ನಾಗಿ ಬೆರೆತಿದೆ' ಎಂದು ಬರೆಯುವುದು ಏಕೆ? ಎಳೆ ಒಗರು, ಒರಟು ಒಗರು, ಮಾಗಿದ ಒಗರು ಎಂದು ಬರೆದರೆ ನನಗಂತೂ ಬಾಯಲ್ಲೇ ಅರ್ಥವಾಗುತ್ತದೆ.

ಸುರತ್ಕಲ್ ರಸಾಯನ
ತೋಟದ ಮನೆಯವರ ಮಾತಿಗೆ ಸಂಪೂರ್ಣ ಸಹಮತ. ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟುಗಳಿಂದ ಬರುವ ಟ್ಯಾನಿನ್ ನಮ್ಮ ಎಂಜಲಿನಲ್ಲಿರುವ ಪ್ರೊಟೀನುಗಳನ್ನು ಹಿಡಿದು ಗರಣೆಗಟ್ಟಿಸುತ್ತದೆ. ಬಾಯಿಯನ್ನು ನುಣುಪಾಗಿಡುವ ಪ್ರೊಟೀನು ಹೋದ ಮೇಲೆ ಉಳಿಯುವ ಉಜ್ಜಾಟವೇ ಒಗರು. ಆದ್ದರಿಂದ ಅದು ಸ್ಪರ್ಶಕ್ಕೆ ಹತ್ತಿರವಾದ ಅನುಭವ. ಬಿಳಿ ವೈನಿನಲ್ಲಿ ರಸವನ್ನು ಸಿಪ್ಪೆಯಿಂದ ಬೇಗ ಬೇರ್ಪಡಿಸುವುದರಿಂದ ಬಣ್ಣವೂ ಇಲ್ಲ, ಒಗರೂ ಕಡಿಮೆ.

ಅರ್ಧ ಗ್ಲಾಸು
ಹಾಗಾದರೆ ಗೂಸ್‌ಬೆರಿಯನ್ನು ನೆಲ್ಲಿಕಾಯಿ ಎಂದು ಬರೆದುಕೊಂಡರೆ ಸಾಕಲ್ಲವೇ? ಹುಳಿಯೂ ಇದೆ, ಒಗರೂ ಇದೆ.

ಬಿಜೈ ಬಾಟಲಿ
ಸಾಲದು. ನಮ್ಮ ನೆಲ್ಲಿಕಾಯಿಗೆ ಇಂಗ್ಲಿಷಿನಲ್ಲಿ ಆ ಹೆಸರನ್ನು ಅಂಟಿಸಿದ್ದಾರೆಯೇ ಹೊರತು ಎರಡು ಗಿಡಗಳಿಗೂ ಸಂಬಂಧವೇ ಇಲ್ಲ. ಭಾಷಾಂತರ ಮಾಡಿ ಬರೆಯುವುದರ ಅಪಾಯ ಇದೇ. ಸೊವಿನ್ಯಾನ್ ಬ್ಲಾಂಕ್ ಎಂಬ ಬಿಳಿ ವೈನ್ ಮೂಸಿದಾಗ ನನಗೆ ಬರುವುದು ಆಗತಾನೆ ಕತ್ತರಿಸಿದ ದೊಣ್ಣೆಮೆಣಸಿನ ಹಸಿರು ವಾಸನೆ.

ಸುರತ್ಕಲ್ ರಸಾಯನ
ಅದೂ ಹೋಲಿಕೆಯಲ್ಲ. ಪೈರಜೀನ್ ಎಂಬ ಒಂದೇ ಬಗೆಯ ಸಂಯುಕ್ತ ಎರಡರಲ್ಲೂ ಇದೆ.

ಬೆಂದೂರಿನ ಬಾಯಮ್ಮ
ನೀವೆಲ್ಲ ನಾಲ್ಕು ವರ್ಷ, ಐದು ವರ್ಷ ಎನ್ನುತ್ತಿದ್ದೀರಿ. ಕ್ರಿಸ್ಮಸ್ಸಿಗೆ ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ಜೊತೆ ವೈನ್ ಕೊಡುತ್ತಿದ್ದ ಮನೆಗಳಲ್ಲಿ ಈ ಮಾತು ತಲೆಮಾರುಗಳಿಂದ ನಡೆದಿದೆ. ನನ್ನ ಅಮ್ಮ ನೀಲಿ ದ್ರಾಕ್ಷಿಯನ್ನು ತೊಳೆದು ಒರೆಸಿ, ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ ಹಾಕಿ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ದಿನಕ್ಕೊಮ್ಮೆ ಮರದ ಸೌಟಿನಲ್ಲಿ ತಿರುವುತ್ತಿದ್ದರು. ಬಿಗಿಯಾದ ಮುಚ್ಚಳ ಹಾಕಬಾರದು ಎಂಬುದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ಒಂದು ವರ್ಷ ಅಣ್ಣ ಅರ್ಧ ಹುದುಗಿದ ರಸವನ್ನು ಸೋಡಾ ಬಾಟಲಿಗೆ ತುಂಬಿ ಬಿರಡೆ ಬಿಗಿದು ಅಟ್ಟದಲ್ಲಿಟ್ಟ. ನಡುರಾತ್ರಿ ಪಟಾಕಿಯಂಥ ಸದ್ದಾಯಿತು. ಬೆಳಿಗ್ಗೆ ನೋಡಿದರೆ ಸುಣ್ಣದ ಗೋಡೆಯ ಮೇಲೆ ನೇರಳೆ ಬಣ್ಣದ ಸಾಲುಗಳು, ಹಾಸಿದ ಗೋಣಿಯಲ್ಲಿ ಗಾಜಿನ ಚೂರು, ಅಣ್ಣನಿಗೆ ಪೆಟ್ಟು.

ಅಮ್ಮ ರುಚಿ ನೋಡಿ ಹೇಳುತ್ತಿದ್ದದ್ದು ಮೂರೇ ಮಾತು: "ಇನ್ನೂ ಹಸಿ", "ಆಯಿತು", "ಹುಳಿಗೆ ತಿರುಗಿತು". ಮೂರನೆಯದಾದರೆ ಅದು ವಿನೆಗರಿನಂತೆ ವಿಂದಾಲು ಎಂಬ ಮಾಂಸದ ಅಡುಗೆಗೆ ಹೋಗುತ್ತಿತ್ತು. ಅದನ್ನು ನೀವು ವೈನ್ ಎಂದು ಒಪ್ಪುತ್ತೀರೋ ಇಲ್ಲವೋ?

ಬಿಜೈ ಬಾಟಲಿ
ಬಾಯಮ್ಮ, ಒಪ್ಪದೆ ಇರಲು ನಾನು ಯಾರು? ಹುದುಗಿದ ದ್ರಾಕ್ಷಿರಸವೇ ವೈನ್. ಆದರೆ ಆ ನೀಲಿ ದ್ರಾಕ್ಷಿ, ಅಂದರೆ ಬೆಂಗಳೂರು ಬ್ಲೂ, ಅಮೆರಿಕ ಮೂಲದ ಲಬ್ರುಸ್ಕಾ ಜಾತಿಗೆ ಸೇರಿದ್ದು. ಶಿರಾಜ್, ಶೆನಿನ್ ಎಲ್ಲ ಯುರೋಪಿನ ವಿನಿಫೆರಾ. ಲಬ್ರುಸ್ಕಾದಲ್ಲಿ ಮಿಥೈಲ್ ಆಂತ್ರನಿಲೇಟ್ ಇರುವುದರಿಂದ ದ್ರಾಕ್ಷಿ ಮಿಠಾಯಿಯಂಥ ಪರಿಮಳ ಎದ್ದು ಬರುತ್ತದೆ, ವೈನ್ ಪಂಡಿತರು ಅದಕ್ಕೆ ಮೂಗು ಮುರಿಯುತ್ತಾರೆ. ನನಗೂ ಅದು ಊಟದ ಜೊತೆ ಹೊಂದುವುದಿಲ್ಲ, ಕೇಕಿನ ಜೊತೆಗೆ ಸರಿ. ಇನ್ನೊಂದು ಮಾತು, ಬೇಸರಿಸಬೇಡಿ: ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ.

ಬೆಂದೂರಿನ ಬಾಯಮ್ಮ
ನಾನು ಹೇಳಿದ್ದು ತೀರಿಹೋದ ಅಮ್ಮನ ಕಾಲದ ಕಥೆ, ವಕೀಲರೇ. ಆ ಪಂಡಿತರು ಮೂಗು ಮುರಿಯುವ ಪರಿಮಳ ನನಗೆ ಡಿಸೆಂಬರಿನ ಪರಿಮಳ. ಮತ್ತೆ, ಎಲ್ಲರೂ ವೈನ್ ವೈನ್ ಎನ್ನುತ್ತಿದ್ದೀರಿ. ಕನ್ನಡ ಬೈಬಲಿನಲ್ಲಿ ಕಾನಾ ಊರಿನ ಮದುವೆಯಲ್ಲಿ ನೀರು ದ್ರಾಕ್ಷಾರಸವಾಯಿತು ಎಂದೇ ಇದೆ. ಅಷ್ಟು ಚೆಂದದ ಮಾತಿಗೆ ಏನಾಗಿದೆ?

ಕದ್ರಿ ಹವ್ಯಾಸಿ
ಮಾತು ಚೆಂದವಿದೆ, ಪತ್ರಿಕೆಗಳೂ ದ್ರಾಕ್ಷಾರಸ ಉತ್ಸವ ಎಂದು ಬರೆಯುತ್ತವೆ. ಆದರೆ ಅಂಗಡಿಯಲ್ಲಿ ದ್ರಾಕ್ಷಾರಸ ಕೊಡಿ ಎಂದರೆ ಜ್ಯೂಸ್ ಸೆಂಟರಿನ ದಾರಿ ತೋರಿಸುತ್ತಾರೆ, ಬಾಯಮ್ಮ.

ಮಲ್ಪೆ ದಕ್ಕೆ
ಊಟದ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಸ್ನೇಹಿತರೊಬ್ಬರು ಬೆಂಗಳೂರಿನಿಂದ ತಂದ ದುಬಾರಿ ಕೆಂಪು ವೈನನ್ನು ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿಯ ಜೊತೆ ಕುಡಿದೆವು. ಬಾಯಿ ತುಂಬ ತುಕ್ಕು ಹಿಡಿದ ಮೊಳೆಯ ರುಚಿ, ಅದರ ಮೇಲೆ ಖಾರಕ್ಕೆ ಬೆಂಕಿ. ಮೀನು ಆ ದಿನ ಬೆಳಿಗ್ಗೆ ದೋಣಿಯಿಂದ ಇಳಿದದ್ದು, ಅದರಲ್ಲಿ ದೋಷವಿರಲಿಲ್ಲ.

ಸುರತ್ಕಲ್ ರಸಾಯನ
ವೈನಿನಲ್ಲಿ ಕರಗಿರುವ ಕಬ್ಬಿಣದ ಅಂಶ ಸಮುದ್ರದ ಆಹಾರದ ಜೊತೆ ಸೇರಿದಾಗ ಆ ಹಸಿಮೀನಿನ ಕಮಟು ಹುಟ್ಟುತ್ತದೆ ಎಂದು ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದರು. ಕಬ್ಬಿಣ ಹೆಚ್ಚಿದ್ದಷ್ಟೂ ಕಮಟು ಹೆಚ್ಚು, ಕೆಂಪು ವೈನಿನಲ್ಲಿ ಅದು ಹೆಚ್ಚಿರುವ ಸಂಭವವೂ ಹೆಚ್ಚು. ಖಾರದ ಉರಿಯನ್ನು ಒಗರೂ ಆಲ್ಕೊಹಾಲೂ ಕೆರಳಿಸುತ್ತವೆ. ಪುಳಿಮುಂಚಿಗೆ ಸ್ವಲ್ಪ ಸಿಹಿ ಉಳಿಸಿದ, ಚೆನ್ನಾಗಿ ತಣಿಸಿದ ಬಿಳಿ ವೈನ್ ನೋಡಿ. ಅಥವಾ ನೀರ್‌ದೋಸೆಗೆ ಮರುವಾಯಿ (ಚಿಪ್ಪುಮೀನು) ಸುಕ್ಕ ಮಾಡಿಕೊಂಡು ಸೊವಿನ್ಯಾನ್ ಬ್ಲಾಂಕ್ ಕುಡಿಯಿರಿ.

ಮಲ್ಪೆ ದಕ್ಕೆ
ತಣಿಸುವ ಮಾತು ಹೇಳಿದಿರಿ. ಆ ಬಾಟಲಿಯ ಮೇಲೆ ಕೋಣೆಯ ಉಷ್ಣತೆಯಲ್ಲಿ ಕುಡಿಯಿರಿ ಎಂದಿತ್ತು, ಹಾಗೆಯೇ ಕುಡಿದೆವು.

ತೋಟದ ಮನೆ
ಯಾರ ಕೋಣೆ ಮಾರಾಯ್ರೆ? ಆ ಮಾತು ಹುಟ್ಟಿದ್ದು ಫ್ಯಾನ್ ಬೇಡದ ಊರಿನ ಕಲ್ಲಿನ ಮನೆಗಳಲ್ಲಿ. ಕೆಂಪು ವೈನಿಗೆ 15ರಿಂದ 18 ಡಿಗ್ರಿ ಸೆಲ್ಸಿಯಸ್ ಹಿತ. ನಮ್ಮಲ್ಲಿ ಏಪ್ರಿಲ್‌ನ ಮಧ್ಯಾಹ್ನ 33 ದಾಟುತ್ತದೆ, ಆ ಬಿಸಿಯಲ್ಲಿ ಹಣ್ಣಿನ ಪರಿಮಳ ಹಿಂದೆ ಸರಿದು ಸ್ಪಿರಿಟ್ ಮಾತ್ರ ಮೂಗಿಗೆ ಹೊಡೆಯುತ್ತದೆ. ಕೆಂಪನ್ನೂ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಫ್ರಿಜ್ಜಿನಲ್ಲಿಡಿ. ದಾಸ್ತಾನು ಮಾಡುವ ಆಸೆಯಂತೂ ಬೇಡ. ಮುರಕಲ್ಲಿನ ಗೋಡೆ ತಂಪು ಎಂದು ನಂಬಿ ನಾನು ಹಂಚಿನ ಮಾಡಿನ ಕೆಳಗೆ ಎರಡು ಬೇಸಗೆ ಕಳೆಯಲು ಬಿಟ್ಟ ಬಾಟಲಿಯಲ್ಲಿ ಬಿರಡೆ ಅರ್ಧ ಇಂಚು ಮೇಲೆದ್ದು, ಒಳಗಿನದ್ದು ಹುಣಸೆಹಣ್ಣು ಕುದಿಸಿದ ನೀರಿನ ಬಣ್ಣಕ್ಕೆ ತಿರುಗಿತ್ತು.

ಉಡುಪಿ ಪುನರ್ಪುಳಿ
ನಾನು ಮದ್ಯ ಮುಟ್ಟುವವನಲ್ಲ, ಆದರೂ ಆಸಕ್ತಿಯಿಂದ ಓದುತ್ತಿದ್ದೇನೆ. ಐದು ಬಗೆ, ಹತ್ತು ಬಗೆ ಎಂದು ರುಚಿ ನೋಡುತ್ತ ಹೋದರೆ ಕೊನೆಗೆ ಮೂಗು ಹೇಳುವುದೇನು, ಅಮಲು ಹೇಳುವುದೇನು?

ಬಿಜೈ ಬಾಟಲಿ
ವೃತ್ತಿಯವರು ಬಾಯಲ್ಲಿ ತಿರುಗಿಸಿ ಉಗುಳುತ್ತಾರೆ. ನಮ್ಮಲ್ಲಿ ದುಡ್ಡು ಕೊಟ್ಟದ್ದನ್ನು ಉಗುಳುವುದಕ್ಕೆ ಮನಸ್ಸು ಬರುವುದಿಲ್ಲ, ಅಷ್ಟೇ. ನಾನು ಅಜ್ಜನ ಹಿತ್ತಾಳೆಯ ಪೀಕದಾನಿಯನ್ನು ಹುಣಸೆಹುಳಿ ಹಾಕಿ ತಿಕ್ಕಿ ಆ ಕೆಲಸಕ್ಕೆ ಇಟ್ಟುಕೊಂಡಿದ್ದೇನೆ.

ಮಣಿಪಾಲದ ಸಂಶಯಿ
ಮೂಲ ಪ್ರಶ್ನೆಗೆ ಬರೋಣ. ಕದ್ರಿಯವರು ಕೈ ತೊಳೆದುಕೊಂಡು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕುಳಿತುಕೊಳ್ಳಲಿ. ಮೂರು ಗ್ಲಾಸು, ಎರಡರಲ್ಲಿ ಸೊವಿನ್ಯಾನ್ ಬ್ಲಾಂಕ್, ಒಂದರಲ್ಲಿ ಅದೇ ಶೆನಿನ್. ಹಲಸಿನ ಗ್ಲಾಸು ಯಾವುದೆಂದು ಹೇಳಲಿ. ಸುರಿಯುವವರು ಬೇರೆಯವರಾಗಿರಲಿ, ಆರು ಸುತ್ತು ನಡೆಯಲಿ. ರಸಾಯನದವರ ಮಾದರಿ ಗ್ಲಾಸುಗಳನ್ನೂ ಮೊದಲು ಮಾಡಿಕೊಳ್ಳಲಿ.

ಕದ್ರಿ ಹವ್ಯಾಸಿ
ಈ ಭಾನುವಾರ ಮಾಡಿದೆವು. ಹಿಂದಿನ ದಿನದಿಂದ ಮನೆಯೊಳಗೆ ಹಲಸು ಬರದಂತೆ ನೋಡಿಕೊಂಡೆ. ಮಾದರಿ ಗ್ಲಾಸಿಗೆ ಬೇಕಾದ ಒಂದು ತೊಳೆಯನ್ನು ಪಕ್ಕದ ಮನೆಯವರು ಡಬ್ಬಿಯಲ್ಲಿ ಹಾಕಿ ಕೊಟ್ಟರು. ಅಗ್ಗದ ಸಾದಾ ಬಿಳಿ ವೈನನ್ನು ಐದು ಗ್ಲಾಸುಗಳಿಗೆ ಹಂಚಿ, ಒಂದರಲ್ಲಿ ಹಲಸಿನ ಚೂರು, ಒಂದರಲ್ಲಿ ಕದಳಿ ಬಾಳೆಯ ಬಿಲ್ಲೆ, ಒಂದರಲ್ಲಿ ದೊಣ್ಣೆಮೆಣಸಿನ ಎಸಳು, ಒಂದರಲ್ಲಿ ಜಜ್ಜಿದ ಕಾಳುಮೆಣಸು, ಒಂದರಲ್ಲಿ ಒಣಗಿದ ಪುನರ್ಪುಳಿ (ಕೋಕಂ) ಸಿಪ್ಪೆ ಹಾಕಿ, ಮೇಲೆ ಕಾಫಿಯ ಸಾಸರುಗಳನ್ನು ಮುಚ್ಚಿ ಅರ್ಧ ಗಂಟೆ ಬಿಟ್ಟೆವು. ಪುನರ್ಪುಳಿಯ ಗ್ಲಾಸು ಹತ್ತು ನಿಮಿಷಕ್ಕೆ ನಸುಗೆಂಪು ರೋಸೆ ವೈನಿನ ಬಣ್ಣಕ್ಕೆ ಬಂತು. ಸಂಶಯಿಯವರ ಬೋರ್ಡೊ ಪ್ರಯೋಗ ನೆನಪಾಯಿತು. ನನ್ನ ಹೆಂಡತಿಗೆ ಮೆಣಸಿನ ಗ್ಲಾಸು ತಕ್ಷಣ ಗೊತ್ತಾಯಿತು. ಪಕ್ಕದ ಮನೆಯ ರಾಯರು ಮೂರು ಸಲ ಮೂಸಿ ಏನೂ ಇಲ್ಲ ಎಂದರು. ಜಜ್ಜಿದ ಮೆಣಸಿನಲ್ಲಿ ಬೇರೆ ವಾಸನೆಗಳೂ ಇರುವುದರಿಂದ ಅದು ರೊಟಂಡೋನ್ ವಿಷಯವೋ ರಾಯರ ನೆಗಡಿಯೋ ಎಂದು ಹೇಳಲಾರೆ.

ಆಮೇಲೆ ಕಣ್ಣು ಕಟ್ಟಿಕೊಂಡು ಕುಳಿತೆ. ಹೆಂಡತಿ ಅಡುಗೆಮನೆಯಲ್ಲಿ ಸುರಿದು ತಂದಿಟ್ಟಳು. ಆರು ಸುತ್ತಿನಲ್ಲಿ ನಾಲ್ಕು ಸಲ ಶೆನಿನ್ ಗ್ಲಾಸನ್ನು ಸರಿಯಾಗಿ ಹಿಡಿದೆ. ಆದರೆ ಅವಳು ಅದನ್ನೇ ಮೂಸಿ, "ಇದು ಹಲಸಲ್ಲ, ಕದಳಿ" ಎಂದಳು. ಮಾದರಿ ಗ್ಲಾಸುಗಳ ಜೊತೆ ಇಟ್ಟು ನೋಡಿದಾಗ ಅವಳ ಮಾತೇ ಹೆಚ್ಚು ಸರಿ ಎನಿಸಿತು. ಹಲಸಿನ ಗ್ಲಾಸಿನಲ್ಲಿ ಶೆನಿನ್‌ನಲ್ಲಿ ಇಲ್ಲದ ಒಂದು ಗಾಢವಾದ, ಕೊಳೆತಕ್ಕೆ ಹತ್ತಿರವಾದ ಅಡಿವಾಸನೆ ಇತ್ತು. ನೋಟ್‌ಬುಕ್ಕಿನಲ್ಲಿ 'ಹಲಸು' ಎಂಬುದನ್ನು ಹೊಡೆದು ಹಾಕದೆ, ಪಕ್ಕದಲ್ಲಿ 'ಕದಳಿ, ಹೆಂಡತಿಯ ಪ್ರಕಾರ' ಎಂದು ಬರೆದಿದ್ದೇನೆ.

ಸುರತ್ಕಲ್ ರಸಾಯನ
ಐಸೊಅಮೈಲ್ ಅಸಿಟೇಟ್! ಅವರ ಮೂಗಿಗೆ ನಮಸ್ಕಾರ ತಿಳಿಸಿ.

ಮಣಿಪಾಲದ ಸಂಶಯಿ
ಪ್ರಯೋಗ ಮಾಡಿದ್ದಕ್ಕೆ ಅಭಿನಂದನೆ, ಆದರೆ ಲೆಕ್ಕ ಲೆಕ್ಕವೇ. ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಆರರಲ್ಲಿ ನಾಲ್ಕೋ ಅದಕ್ಕಿಂತ ಹೆಚ್ಚೋ ಸರಿಯಾಗುವುದು ಕೇವಲ ಅದೃಷ್ಟದಿಂದ ಹತ್ತರಲ್ಲಿ ಒಂದು ಸಲ ಆಗಬಹುದು. ಐದು ಬಂದಿದ್ದರೆ ನಾನು ಸುಮ್ಮನಾಗುತ್ತಿದ್ದೆ. ಇನ್ನೊಂದು ಆರು ಸುತ್ತು ಬೇಕು.

ಬೆಂದೂರಿನ ಬಾಯಮ್ಮ
ಇನ್ನೊಂದು ಆರು ಸುತ್ತಿಗೆ ಬಾಟಲಿ ಯಾರ ಖರ್ಚು, ಅದನ್ನು ಮೊದಲು ತೀರ್ಮಾನಿಸಿ.

ಕಾರ್ಕಳದ ಅಳಿಯ
ನಾನು ಮೊದಲೇ ಕೇಳಿದ್ದೆ, ಯಾರೂ ಗಮನಿಸಲಿಲ್ಲ. ಆ ಕೊಳೆತಕ್ಕೆ ಹತ್ತಿರವಾದ ಅಡಿವಾಸನೆ ತುಳುವನದ್ದು. ಪಕ್ಕದ ಮನೆಯವರು ಕೊಟ್ಟ ತೊಳೆ ಯಾವುದು?

ಕದ್ರಿ ಹವ್ಯಾಸಿ
ಈಗಷ್ಟೇ ಹೋಗಿ ಕೇಳಿಕೊಂಡು ಬಂದೆ. ತುಳುವ. ಮಾವನ ಮನೆಯಿಂದ ಬಂದಿದ್ದದ್ದು ಬಕ್ಕೆ.